ಗೋಲನ್ನು ಪಿಸುಗುಟ್ಟುವ ಗಂಡ

ನನ್ನ ಗಂಡನಿಗೆ ಸಂಬಳ ಬರುತ್ತಿದ್ದುದು ಅವನ ಎಡಗಿವಿಯಿಂದ. ತಮಾಷೆಯಲ್ಲ. ನಮ್ಮ ಪೋರ್ತೊ ಬರೇನದ ಮೀನು ಹರಾಜಿನಲ್ಲಿ ಕೂಗಾಟ ಇಲ್ಲ. ದೋಣಿಗಳಿಂದ ಪೆಟ್ಟಿಗೆಗಳು ಇಳಿದು ಸಾಲಾಗಿ ನಿಂತ ಮೇಲೆ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬಂದು ಹರಾಜುದಾರನ ಕಿವಿಯಲ್ಲಿ ತಮ್ಮ ತಮ್ಮ ಬೆಲೆ ಪಿಸುಗುಟ್ಟಿ ಹೋಗುತ್ತಾರೆ. ಪಕ್ಕದವನು ಎಷ್ಟು ಹೇಳಿದ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರದೂ ಕೇಳಿಸಿಕೊಂಡು ಹರಾಜುದಾರ ಕೊನೆಗೆ ಒಂದು ಹೆಸರು ಹೇಳುತ್ತಾನೆ. ಹೆಸರು ಅಷ್ಟೇ. ಬೆಲೆ ಅವನ ಬಾಯಿಂದ ಬರುವ ಹಾಗಿಲ್ಲ. ಗೆದ್ದವನದೂ ಇಲ್ಲ, ಸೋತವನದೂ ಇಲ್ಲ.

ಆ ಹರಾಜುದಾರ ನನ್ನ ಗಂಡ ಫೊರ್ತುನಾತೊ. ಮನೆಯಲ್ಲಿ ನಾತೊ, ಊರಲ್ಲಿ ಬೀಗ. ಬಾಯಿಗೆ ಹಾಕಿದ ಬೀಗ ಅಂತ. ನಮ್ಮೂರಲ್ಲಿ ಅರ್ಧಕ್ಕರ್ಧ ಜನರ ಮನೆತನದ ಹೆಸರು ಬೋಸ್ಕೊಲೊ, ಹಾಗಾಗಿ ಅಡ್ಡಹೆಸರಿಲ್ಲದಿದ್ದರೆ ಮನುಷ್ಯ ಇದ್ದಾನೆ ಅಂತಲೇ ಲೆಕ್ಕವಿಲ್ಲ.

ಆ ಎಡಗಿವಿ ಎಂಥೆಂಥ ಉಸಿರು ಕಂಡಿಲ್ಲ! ಬೆಳ್ಳುಳ್ಳಿ, ಗ್ರಾಪ್ಪ ಸಾರಾಯಿ, ನೆಗಡಿ, ಹಲ್ಲುನೋವಿಗೆ ಹಚ್ಚಿಕೊಂಡ ಲವಂಗದೆಣ್ಣೆ. ಚಳಿಗಾಲದಲ್ಲಿ ವ್ಯಾಪಾರಿಗಳ ಒದ್ದೆ ಮೀಸೆ ತಾಗಿ ತಾಗಿ ಅದು ಸದಾ ಕೆಂಪಗಿರುತ್ತಿತ್ತು. ಅದಕ್ಕೆ ನಾನು ಇಟ್ಟ ಹೆಸರು 'ಅಂಗಡಿ'. ಮಲಗುವಾಗ ಅವನು ಬಲಮಗ್ಗುಲಿಗೆ ತಿರುಗಿ, ಎಡಗಿವಿ ಮೇಲೆ ಮಾಡಿ ಮಲಗುವನು. ಅಂದರೆ ಅಂಗಡಿ ತೆರೆದಿದೆ ಅಂತ ಅರ್ಥ. ಮನೆಯ ಸಣ್ಣಪುಟ್ಟ ಸಂಗತಿಯೆಲ್ಲ ನಾನು ಆ ಕಿವಿಗೆ ಹೇಳುತ್ತಿದ್ದೆ, ಅವನು 'ಹೂಂ' ಅನ್ನುತ್ತಿದ್ದ. ನನ್ನ ಮೇಲೆ ಸಿಟ್ಟು ಬಂದರೆ ಮಾತ್ರ ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗುವನು. ಅಂಗಡಿ ಬಂದ್.

ಮದುವೆಯಾದ ಹೊಸದರಲ್ಲಿ ಒಮ್ಮೆ, "ಇವತ್ತು ಆ ಬೊಂಡಾಸ್ ಮೀನಿನ ಪೆಟ್ಟಿಗೆ ಎಷ್ಟಕ್ಕೆ ಹೋಯ್ತು?" ಅಂತ ಸುಮ್ಮನೆ ಕೇಳಿದ್ದೆ. ಚಮಚ ಕೆಳಗಿಟ್ಟು, ಎದ್ದು ಹೊರಗೆ ಹೋಗಿ ಕಾಲುವೆಯ ಕಟ್ಟೆಯ ಮೇಲೆ ಕೂತುಬಿಟ್ಟ. ತಟ್ಟೆಯಲ್ಲಿದ್ದ ಜೋಳದ ಹಿಟ್ಟಿನ ಪೊಲೆಂತ ತಣ್ಣಗಾಗಿ ಕಲ್ಲಾಯಿತು. ಮತ್ತೆ ನಾನು ಆ ತಂಟೆಗೆ ಹೋಗಲಿಲ್ಲ. ಆದರೆ ಈ ಅಭ್ಯಾಸ ಅವನ ಮೈಗೇ ಹತ್ತಿತ್ತು. "ನಾತೊ, ನಿಂಗೆ ಯಾವ ಮೀನು ಇಷ್ಟ, ಅದನ್ನೇ ಮಾಡ್ತೀನಿ" ಅಂದರೂ ಯಾರದೋ ಗುಟ್ಟು ಕೇಳಿದ ಹಾಗೆ ನನ್ನ ಮುಖ ನೋಡಿ, "ಯಾವುದಾದ್ರೂ ಆಗುತ್ತೆ" ಅನ್ನುವನು. ಇಷ್ಟು ವರ್ಷ ಅವನಿಗೆ ಬಂಗುಡೆ, ಬೂತಾಯಿ, ನಂಗು ಅಂತ ಬಗೆಬಗೆಯ ಮೀನು ಬೇಯಿಸಿ ಹಾಕಿದ್ದೇನೆ, ಯಾವುದು ಇಷ್ಟ ಅಂತ ಗೊತ್ತಿಲ್ಲದೆ. ಇದನ್ನು ಯಾವ ಹೆಂಗಸಿನ ಹತ್ತಿರ ಹೇಳಿಕೊಳ್ಳಲಿ?

ಇಂಥವನ ಬಾಯಿಗೆ ಮೈಕು ಹಿಡಿದವನು ಗಸ್ತೋನೆ. ಆ ಪುಣ್ಯ ಅವನಿಗೇ ಸೇರಬೇಕು, ಆಮೇಲೆ ಅವನು ಏನೇ ಮಾಡಿರಲಿ. ಗಸ್ತೋನೆಗೆ ಸೇತುವೆಯ ಪಕ್ಕ ಟೀವಿ, ರೇಡಿಯೊ ಮಾರುವ ಅಂಗಡಿ. ಅದರ ಮೇಲಿನ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಒಂದು ರೇಡಿಯೊ ನಡೆಸುತ್ತಿದ್ದ. ರೇಡಿಯೊ ಬರೇನ ಅಂತ ಹೆಸರು. ಗಾಳಿ ಜೋರಾದರೆ ಪಕ್ಕದ ಊರಿಗೂ ಕೇಳಿಸದು. ಅವನು ನಾತೊನ ಬಾಲ್ಯದ ಗೆಳೆಯ, ನಮ್ಮ ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡ ಧರ್ಮಪಿತ. ಹಾಗಾಗಿ ನಮಗಿಬ್ಬರಿಗೂ ಅವನು ಕೊಂಪಾರೆ. ನಮ್ಮಲ್ಲಿ ಒಡಹುಟ್ಟಿದವನ ಜೊತೆ ಜಗಳ ಆಡಬಹುದು, ಕೊಂಪಾರೆಯ ಜೊತೆ ಆಡುವ ಹಾಗಿಲ್ಲ.

ಒಂದು ಭಾನುವಾರ, ನಮ್ಮೂರ ಫುಟ್‌ಬಾಲ್ ತಂಡದ ಪಂದ್ಯಕ್ಕೆ ವೀಕ್ಷಕ ವಿವರಣೆ ಕೊಡುತ್ತಿದ್ದ ಮೇಷ್ಟ್ರಿಗೆ ಗಂಟಲು ಕಟ್ಟಿತು. ಗಸ್ತೋನೆ ಓಡಿಬಂದ.

"ಕೊಂಪಾರೆ, ನೀನೇ ಗತಿ. ಬಾ."

"ನನ್ಗೆ ಮಾತು ಬರಲ್ಲ."

"ಹನ್ನೊಂದು ಜನರ ಹೆಸರು ಹೇಳ್ತಾ ಹೋಗು ಸಾಕು. ದಿನಾ ಮಾಡೋದು ಅದೇ ತಾನೆ?"

ಅವತ್ತು ಅಡುಗೆಮನೆಯಲ್ಲಿ ಏಡಿ ತೊಳೆಯುತ್ತಾ ರೇಡಿಯೊ ಹಾಕಿದವಳು ನಾನು ಏಡಿ ಕೈಬಿಟ್ಟು ಕೂತುಬಿಟ್ಟೆ. ಬೀಗ ತೆರೆದಿತ್ತು! ವಾರವಿಡೀ ನುಂಗಿಕೊಂಡ ಮಾತೆಲ್ಲ ಒಮ್ಮೆಗೇ ಹೊರಗೆ ಬಂದ ಹಾಗಿತ್ತು. ಹರಾಜಿನ ಗುಟ್ಟು ಒಂದೂ ಇಲ್ಲ, ಆದರೆ ಕಣ್ಣಿಗೆ ಕಂಡದ್ದರಲ್ಲಿ ಒಂದನ್ನೂ ಬಿಡಲಿಲ್ಲ.

"ಚೆಂಡು ಈಗ ಕುಂಟಬಾತಿನ ಹತ್ತಿರ. ಕುಂಟಬಾತು ಉಪ್ಪಿನಕಾಯಿಗೆ ಕೊಟ್ಟ. ಉಪ್ಪಿನಕಾಯಿ ನಿನ್ನೆ ಮದುವೆಗೆ ಹೋಗಿದ್ದ, ಕಾಲು ನೋಡಿದ್ರೇ ಗೊತ್ತಾಗುತ್ತೆ. ರೆಫರಿ ಸೀಟಿ ಊದಿದ, ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಅಗೋ, ಔಷಧಿ ಅಂಗಡಿಯವರು ಅವರ ಅತ್ತೆಗೆ ಕೊಡೆ ಹಿಡಿದಿದಾರೆ, ಇದು ನಾನು ಕಣ್ಣಾರೆ ನೋಡಿದ್ದು, ಮಳೆ ಮಾತ್ರ ಇಲ್ಲ..."

ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇನ್ನು ಗೋಲು. ಬೇರೆ ಊರಿನ ವಿವರಣೆಗಾರರು ಗೋಲಾದರೆ ಗಂಟಲು ಹರಿಯುವ ಹಾಗೆ ಕಿರುಚುತ್ತಾರೆ. ನಾತೊ ದೊಡ್ಡ ಮಾತನ್ನು ಜೋರಾಗಿ ಹೇಳಿದವನೇ ಅಲ್ಲ. ಅವನ ಜೀವಮಾನದಲ್ಲಿ ಮುಖ್ಯವಾದದ್ದೆಲ್ಲ ನಡೆದದ್ದು ಪಿಸುಮಾತಿನಲ್ಲಿ. ನಮ್ಮವರು ಗೋಲು ಹೊಡೆದ ಕೂಡಲೇ ಅವನ ದನಿ ತಾನಾಗಿ ಇಳಿದುಹೋಯಿತು. ಮೈಕಿಗೆ ಬಾಯಿ ಹಚ್ಚಿ, ಕಿವಿಯಲ್ಲಿ ಹೇಳಿದ ಹಾಗೆ, "ಗೋಲ್..." ಅಂದ.

ಆಮೇಲಿನಿಂದ ಅದೇ ವಾಡಿಕೆಯಾಯಿತು. ದನಿ ಇಳಿಯುತ್ತಾ ಬಂದರೆ ಸಾಕು, ಬಾರುಗಳಲ್ಲಿ ಇಸ್ಪೀಟು ನಿಲ್ಲುತ್ತಿತ್ತು, ಹೆಂಗಸರು ನಲ್ಲಿ ನಿಲ್ಲಿಸುತ್ತಿದ್ದರು, ಇಡೀ ಪೋರ್ತೊ ಬರೇನ ರೇಡಿಯೊಗೆ ಕಿವಿ ಕೊಟ್ಟು ಬಗ್ಗುತ್ತಿತ್ತು. ಪಿಸುಮಾತು ಕೇಳಿದ ಮೇಲೆ ಕಿರುಚುವ ಕೆಲಸವನ್ನು ಊರಿನವರು ತಾವೇ ಮಾಡಿಕೊಳ್ಳುತ್ತಿದ್ದರು.

ಭಾನುವಾರ ಸಂಜೆ ಮನೆಗೆ ಬಂದಾಗ ಅವನ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಊಟದ ಹೊತ್ತಿಗೂ ನಾಲ್ಕು ಮಾತು ಉಳಿದಿರುತ್ತಿದ್ದವು, ಅವು ನನ್ನ ಪಾಲಿಗೆ. ಸೋಮವಾರ ಬೆಳಗಾದರೆ ಮತ್ತೆ ಬೀಗ. ನನಗೆ ಅಷ್ಟು ಸಾಕಿತ್ತು. ಇಲ್ಲ, ಸುಳ್ಳು ಹೇಳಬಾರದು, ಸಾಕಿರಲಿಲ್ಲ. ಆದರೆ ಅದೂ ಇಲ್ಲದಿದ್ದರೆ ಏನು ಗತಿ ಅಂತ ಮುಂದೆ ಗೊತ್ತಾಯಿತು.

ನಮ್ಮ ತಂಡ ಒಂದು ದರ್ಜೆ ಮೇಲೆ ಹೋದದ್ದೇ ಎಲ್ಲ ರಾಮಾಯಣಕ್ಕೆ ಕಾರಣ. ಮೇಲಿನ ಲೀಗಿನಲ್ಲಿ ಪಂದ್ಯದ ರೇಡಿಯೊ ಪ್ರಸಾರಕ್ಕೂ ಹಕ್ಕು ಅಂತ ಒಂದು ಇದೆಯಂತೆ, ಅದನ್ನು ಕ್ಲಬ್ಬು ಮಾರಬಹುದಂತೆ, ಕೊಂಡವರು ಬಿಟ್ಟು ಬೇರೆ ಯಾರೂ ಮೈದಾನದಿಂದ ಪಿಟ್ಟೆನ್ನುವ ಹಾಗಿಲ್ಲವಂತೆ. ಅಲ್ಲಿಯತನಕ ಗಸ್ತೋನೆ ಕೊಡುತ್ತಿದ್ದುದು ಏನು? ಕ್ರಿಸ್‌ಮಸ್ಸಿಗೆ ಅಧ್ಯಕ್ಷರ ಮನೆಗೆ ಒಂದು ಇಸ್ತ್ರಿಪೆಟ್ಟಿಗೆ. ಕ್ಲಬ್ಬಿನ ಅಧ್ಯಕ್ಷ ಸ್ಕಾರ್ಪಾ ಅವರದು ಐಸ್ ಫ್ಯಾಕ್ಟರಿ, ಹಿಡಿದ ಮೀನೆಲ್ಲ ಅವರ ಐಸಿನ ಮೇಲೆಯೇ ಮಲಗಬೇಕು. ಮಾರಾಟ ಅಂದರೆ ಅವರಿಗೆ ಗೊತ್ತಿದ್ದುದು ಒಂದೇ ದಾರಿ.

"ಮೀನು ಮಾರಿದ ಹಾಗೆ ಮಾರೋಣ. ನಾತೊ ಇದಾನಲ್ಲ."

ನಾತೊ ಬೇಡ ಅಂದ. "ನಾನೇ ಮಾತಾಡೋನು, ನಾನೇ ಹೇಗೆ ಮಾರಲಿ? ಬೇರೆಯವರನ್ನ ನೋಡಿ."

ಬೇಕೇ ಬೇಕು ಅಂದವನು ಗಸ್ತೋನೆ. "ನೀನಲ್ದೆ ಇನ್ಯಾರು ಮಾರಾಯ? ನಿನ್ನ ಕಿವಿ ಮೇಲೆ ಊರಿಗೆ ಊರೇ ಪ್ರಮಾಣ ಮಾಡುತ್ತೆ!" ಅಂತ ಬೆನ್ನು ತಟ್ಟಿದ. ಆ ಬೆನ್ನು ತಟ್ಟಿದ ರೀತಿ ನನಗೆ ಅವತ್ತೇ ಸರಿ ಕಾಣಲಿಲ್ಲ. ಆದರೂ ಕೊಂಪಾರೆಯಲ್ಲವೇ, ಸುಮ್ಮನಾದೆ.

ಪಾದೋವಾದ ದೊಡ್ಡ ರೇಡಿಯೊ ಕಂಪನಿಯಿಂದ ಒಬ್ಬರು ಬಂದರು. ದೊತ್ತೋರ್ ಮೆನೆಗಾತ್ತಿ. ನಮ್ಮ ಕಡೆ ಕಾಲೇಜು ಮೆಟ್ಟಿಲು ಹತ್ತಿದವರೆಲ್ಲ ದೊತ್ತೋರ್‌ಗಳೇ, ಯಾವ ರೋಗ ವಾಸಿ ಮಾಡುತ್ತಾರೋ ದೇವರೇ ಬಲ್ಲ. ಒಂಟೆ ಬಣ್ಣದ ಕೋಟು, ತೆಳು ಚರ್ಮದ ಬೂಟು. ಹರಾಜುಕಟ್ಟೆಯ ಒದ್ದೆ ನೆಲದ ಮೇಲೆ ಬೆಕ್ಕಿನ ಹಾಗೆ ಕಾಲೆತ್ತಿ ಎತ್ತಿ ಇಡುತ್ತಿದ್ದರು. ನಮ್ಮ ಚರ್ಚಿನವರದೂ ಒಂದು ರೇಡಿಯೊ ಇತ್ತು, ಅದರ ಪರವಾಗಿ ಗುರುಗಳೂ ಬಂದಿದ್ದರು. ಊರಿಗೆ ಊರೇ ಸೇರಿತ್ತು. ಅಧ್ಯಕ್ಷರು ಮೀನಿನ ಪೆಟ್ಟಿಗೆಯಲ್ಲಿ ಐಸು ತುಂಬಿ, ಅದರ ಮೇಲೆ ಒಂದು ಫುಟ್‌ಬಾಲ್ ಇಟ್ಟರು. ಮಾರುವ ಮಾಲು ಕಣ್ಣಿಗೆ ಕಾಣದೆ ಹರಾಜು ಹೇಗೆ ಮಾಡುವುದು?

ಮೆನೆಗಾತ್ತಿ ನಾತೊನ ಕಡೆ ನೋಡುತ್ತಾ ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಕೇಳಿದ್ದು ನನಗೆ ಕೇಳಿಸಿತು. "ಇವರು ಆ ಚಿಕ್ಕ ರೇಡಿಯೊದ ಮನುಷ್ಯ ಅಲ್ವಾ?"

"ಭಾನುವಾರ ಹೌದು," ಅಂದರು ಅಧ್ಯಕ್ಷರು. "ಇವತ್ತು ಗುರುವಾರ."

ಮೊದಲು ಗುರುಗಳು ಹೋಗಿ ಪಿಸುಗುಟ್ಟಿದರು, ಬೆಲೆ ಹೇಳಿದರೋ ಆಶೀರ್ವಾದ ಮಾಡಿದರೋ. ಆಮೇಲೆ ಮೆನೆಗಾತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, ತೀರಾ ಮುಜುಗರದಿಂದ. ಕೊನೆಗೆ ಗಸ್ತೋನೆ. ನಗುನಗುತ್ತಾ ಬಂದು, ಕಿವಿಗೆ ಎರಡು ಮಾತು ಹೇಳಿ, ಕಣ್ಣು ಮಿಟುಕಿಸಿ ಹೋದ. ಆ ಹೊತ್ತಿಗೆ ನಾತೊನ ಮುಖ ನೋಡಿದವಳು ನಾನೊಬ್ಬಳೇ ಇರಬೇಕು. ಕಿವಿ ಮಾಮೂಲಿನ ಹಾಗೆ ಕೆಂಪಗಿತ್ತು. ಮುಖ ಮಾತ್ರ ಪೆಟ್ಟಿಗೆಯಲ್ಲಿದ್ದ ಐಸಿನ ಬಣ್ಣಕ್ಕೆ ತಿರುಗಿತ್ತು.

ಪೆಟ್ಟಿಗೆಯ ಹತ್ತಿರ ಹೋಗಿ ನಿಂತ. ಆಮೇಲೆ ಹೇಳಿದ. "ಮೆನೆಗಾತ್ತಿ."

ಅಷ್ಟೇ. ಐಸಿನ ಮೇಲಿದ್ದ ಚೆಂಡನ್ನು ಎತ್ತಿ, ಕೋಟಿನ ತೋಳಿನಿಂದ ಒರೆಸಿ ಆ ಪಾದೋವಾದವರ ಕೈಗೆ ಕೊಟ್ಟ. ತನ್ನ ಭಾನುವಾರವನ್ನು ತಾನೇ ಎತ್ತಿ ಕೊಟ್ಟ.

ಸಂಜೆ ಮೆನೆಗಾತ್ತಿ ಕೇಕಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. "ಸಿಞೋರ್ ಫೊರ್ತುನಾತೊ, ನಮ್ಮ ರೇಡಿಯೊಗೂ ನೀವೇ ಮಾತಾಡ್ಬೇಕು. ನಿಮ್ಮ ದನಿ ಇಲ್ದೆ ನಾನು ಈ ಹಕ್ಕು ತಗೊಂಡು ಏನ್ ಮಾಡ್ಲಿ?" ಅಂದರು. ನನ್ನ ಎದೆಯ ಮೇಲಿಂದ ಒಂದು ಕಲ್ಲು ಇಳಿದ ಹಾಗಾಯಿತು. ನಾತೊ ಕೇಕಿನ ಡಬ್ಬಿಯನ್ನು ಮೇಜಿನ ಮೇಲಿಂದ ಅವರ ಕಡೆಗೇ ಮೆಲ್ಲಗೆ ಸರಿಸಿದ.

"ಆಗಲ್ಲ ದೊತ್ತೋರ್."

"ಯಾಕೆ?"

"ಬೆಳಿಗ್ಗೆ ನಿಮಗೆ ಮಾಲು ಕೊಟ್ಟು, ಸಂಜೆ ನಿಮ್ಮ ಹತ್ರ ಮೈಕು ತಗೊಂಡ್ರೆ, ನಾಳೆ ನನ್ನ ಕಿವಿಗೆ ಯಾರು ಬೆಲೆ ಹೇಳ್ತಾರೆ?"

ಅವರು ಹೋದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಗಂಡನನ್ನು ಬೈದೆನೋ ಆ ಕಿವಿಯನ್ನು ಬೈದೆನೋ, ಅಂತೂ ಬೈದೆ. ಅವನು 'ಹೂಂ' ಅಂದ.

ಊರಿನವರು ಸುಮ್ಮನೆ ಬಿಡುತ್ತಾರೆಯೇ? "ಏನಪ್ಪ ಬೀಗ, ಪಾದೋವಾದವರು ಕೀಲಿ ಎಷ್ಟಕ್ಕೆ ತಗೊಂಡ್ರು?" ಅಂತ ಸೇತುವೆಯ ಮೇಲೆ ಕೇಳಿದರು. ಬಾರಿನಲ್ಲಿ ಅವನು ಬಂದು ಕೂತರೆ ಇಸ್ಪೀಟಿನ ಮೇಜಿಗೆ ಒಬ್ಬರೂ ಬರಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಗಸ್ತೋನೆ. ಪಂದ್ಯದ ಹೊತ್ತಿಗೆ ತನ್ನ ರೇಡಿಯೊದಲ್ಲಿ ಅಕಾರ್ಡಿಯನ್ ಸಂಗೀತ ಹಾಕಿ, ನಡುನಡುವೆ, "ಪ್ರಿಯ ಕೇಳುಗರೇ, ಪಂದ್ಯ ಇಲ್ಲ. ಯಾಕಿಲ್ಲ ಅಂತ ನನ್ನ ಕೇಳಬೇಡಿ, ಮಾರಿದವರನ್ನ ಕೇಳಿ" ಅನ್ನುತ್ತಿದ್ದ. ಕೊಂಪಾರೆ ಅಂತೆ, ಕೊಂಪಾರೆ!

ಪಾದೋವಾದ ರೇಡಿಯೊ ಒಬ್ಬ ತರುಣನನ್ನು ಕಳಿಸಿತು. ಪಾಪ, ಒಳ್ಳೆಯ ದನಿ, ಶುದ್ಧವಾದ ಭಾಷೆ. "ಬೋಸ್ಕೊಲೊ ಚೆಂಡನ್ನು ಬೋಸ್ಕೊಲೊಗೆ ನೀಡಿದ್ದಾರೆ. ಬೋಸ್ಕೊಲೊ ಮುನ್ನುಗ್ಗಿ ಬೋಸ್ಕೊಲೊಗೆ... ಅದ್ಭುತ, ಬೋಸ್ಕೊಲೊ!" ತಂಡದಲ್ಲಿದ್ದ ಬೋಸ್ಕೊಲೊಗಳೇ ಆರು ಜನ. ಯಾವ ಬೋಸ್ಕೊಲೊ ಅಂತ ಅವರವರ ತಾಯಂದಿರಿಗೂ ಗೊತ್ತಾಗಲಿಲ್ಲ. ಗೋಲಾದಾಗ ಅವನು ಕಿರುಚಿದ ರಭಸಕ್ಕೆ ನಮ್ಮ ಪಕ್ಕದ ಮನೆ ಅಜ್ಜಿ ಬೆಂಕಿ ಬಿತ್ತು ಅಂತ ಹೊರಗೆ ಓಡಿಬಂದರು. ಊರವರು ರೇಡಿಯೊ ಆರಿಸಿಬಿಟ್ಟರು.

ಇದೆಲ್ಲ ನಗುವ ಮಾತು. ನಗು ಬಾರದ ಮಾತೊಂದಿದೆ. ಭಾನುವಾರ ಮಧ್ಯಾಹ್ನ ನಾತೊ ಅಡುಗೆಮನೆಯ ಕಿಟಕಿಯಲ್ಲಿ, ಮೈದಾನದ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಅಲ್ಲಿಂದ ಆಟ ಕಾಣುವುದಿಲ್ಲ, ಜನರ ಹೋ ಅನ್ನುವ ಸದ್ದು ಮಾತ್ರ ಬರುತ್ತದೆ. ಆ ಸದ್ದಿಗೆ ಸರಿಯಾಗಿ ಅವನ ತುಟಿ ಅಲ್ಲಾಡುತ್ತಿತ್ತು. ದನಿಯಿಲ್ಲ. ಕುಂಟಬಾತು, ಉಪ್ಪಿನಕಾಯಿ, ಎಲ್ಲರನ್ನೂ ಒಳಗೊಳಗೇ ಓಡಿಸುತ್ತಿದ್ದ. ಸಂಜೆ ನನ್ನ ಪಾಲಿನ ಆ ನಾಲ್ಕು ಮಾತೂ ನಿಂತುಹೋದವು. ನಾನು ಈರುಳ್ಳಿ ಹೆಚ್ಚುವ ನೆವದಲ್ಲಿ ಅತ್ತೆ. ಇಷ್ಟಾದರೂ ಗಸ್ತೋನೆ ಕಿವಿಯಲ್ಲಿ ಏನು ಹೇಳಿದ್ದ ಅಂತ ಒಂದು ಮಾತು ಹೇಳಿಬಿಟ್ಟರೆ ಅವನ ಮೇಲಿನ ಅಪವಾದ ಹೋಗುತ್ತದೆ. ಅವನು ಹೇಳುವುದಿಲ್ಲ. ಸತ್ತರೂ ಹೇಳುವುದಿಲ್ಲ.

ಹಾಗಾದರೆ ನಾನೇ ಹೇಳಿಸಬೇಕು ಅಂದುಕೊಂಡೆ. ಗಸ್ತೋನೆಯ ಅಂಗಡಿಗೆ ಹೋದೆ. ಅವನು ಒಂದು ಟೀವಿಯ ಬೆನ್ನು ಬಿಚ್ಚಿಕೊಂಡು ಕೂತಿದ್ದ.

"ಕೊಂಪಾರೆ," ಅಂದೆ, ಬಾಗಿಲು ಮುಂದೆ ಮಾಡಿ. "ನಾತೊ ನಿದ್ದೇಲಿ ಮಾತಾಡೋಕೆ ಶುರು ಮಾಡಿದಾನೆ."

"ಅಯ್ಯೋ. ಡಾಕ್ಟ್ರಿಗೆ ತೋರಿಸು."

"ತೋರಿಸ್ತೀನಿ. ಅದಕ್ಕೆ ಮುಂಚೆ ನಿಂಗೆ ಹೇಳಿ ಹೋಗೋಣ ಅಂತ ಬಂದೆ. ನೀನು ಅವತ್ತು ಅವನ ಕಿವೀಲಿ ಹೇಳಿದ್ದು ನಂಗೆ ಗೊತ್ತಾಯ್ತು."

ಸ್ಕ್ರೂ ಡ್ರೈವರ್ ಕೈಯಿಂದ ಬಿತ್ತು. ನನಗೆ ಗೊತ್ತಿದ್ದುದು ಸೊನ್ನೆ. ಆದರೂ ಸೊಂಟಕ್ಕೆ ಕೈಕೊಟ್ಟು, ಎಲ್ಲ ತಿಳಿದವಳ ಹಾಗೆ ನಿಂತೆ.

"ಒಂದು ಲೀರಾದ ಮಾತಾ?" ಅಂದ ಸಣ್ಣ ದನಿಯಲ್ಲಿ. "ಎಲ್ವಿರ, ಅದು... ತಮಾಷೆಗೆ ಹೇಳಿದ್ದು ಕಣೆ!"

"ತಮಾಷೆನಾ? ನಿನ್ನ ಬಾಯಿಂದ ಇನ್ನೊಂದ್ಸಲ ಹೇಳು, ನಗ್ತೀನಿ."

ಹೇಳಿದ. ಅವನು ಕಿವಿಯಲ್ಲಿ ಬೆಲೆಯನ್ನೇ ಹೇಳಿರಲಿಲ್ಲ. 'ಅವರು ಎಷ್ಟೇ ಹೇಳಿರಲಿ, ಅದಕ್ಕಿಂತ ನಂದು ಒಂದು ಲೀರಾ ಜಾಸ್ತಿ' ಅಂದಿದ್ದ. ನಮ್ಮ ಹರಾಜುಕಟ್ಟೆಯಲ್ಲಿ ಇದಕ್ಕಿಂತ ಕೊಳಕು ಮಾತಿಲ್ಲ. ಹೀಗೆ ಹೇಳಿದವನು ಸಿಕ್ಕಿಬಿದ್ದರೆ ಅವನನ್ನು ಮತ್ತೆ ಆ ಬಾಗಿಲೊಳಗೆ ಬಿಡುವುದಿಲ್ಲ, ಅವನ ಮಕ್ಕಳನ್ನೂ ಬಿಡುವುದಿಲ್ಲ. ಹರಾಜುದಾರನೂ ಕಳ್ಳನೇ ಆಗಿದ್ದರೆ ಮಾತ್ರ ಆಡುವ ಮಾತು ಅದು. ಅದನ್ನು ಅವನು ಆಡಿದ್ದು ಗೆಳೆಯನ ಕಿವಿಗೆ. ಆ ಗೆಳೆಯ ಇವನ ಮಾನ ಉಳಿಸಲು ಊರಿನ ಬೈಗಳನ್ನೆಲ್ಲ ತಿಂದುಕೊಂಡಿದ್ದ. ಇವನು ಅಕಾರ್ಡಿಯನ್ ನುಡಿಸಿಕೊಂಡು ಕೂತಿದ್ದ.

"ಇದನ್ನ ನೀನೇ ಊರಿಗೆ ಹೇಳ್ತೀಯೋ, ನಾನು ಹೇಳ್ಲೋ?" ಅಂದೆ. ಗಸ್ತೋನೆ ಅಳುತ್ತಿದ್ದ. ಕೆಟ್ಟವನಲ್ಲ ಅವನು, ಜಿಪುಣ ಅಷ್ಟೇ.

ಮುಂದಿನ ಭಾನುವಾರ ಪಂದ್ಯದ ಹೊತ್ತಿಗೆ ಅಕಾರ್ಡಿಯನ್ ನಡುವೆ ನಿಂತಿತು. ಗಸ್ತೋನೆಯ ದನಿ ಬಂತು. ಒಂದು ಲೀರಾದ ಕತೆಯನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. "ತಪ್ಪು ನಂದು. ನಾತೊ ನನ್ನ ಮಾನ ಕಾಪಾಡಿದ, ನಾನು ಅವನ ಮಾನ ತೆಗೆದೆ" ಅಂದ. ನಾನು ಅಡುಗೆಮನೆಯಲ್ಲಿ ಕುಣಿಯುವುದೊಂದು ಬಾಕಿ. ಅಲ್ಲಿಗೆ ನಿಲ್ಲಿಸಿದ್ದರೆ ಅವನ ಗಂಟು ಏನು ಹೋಗುತ್ತಿತ್ತೋ. ನಿಲ್ಲಿಸಲಿಲ್ಲ. "ಪಾಪ, ಅವನೂ ಎಷ್ಟು ದಿನ ತಡ್ಕೋತಾನೆ? ಈಗ ನಿದ್ದೇಲಿ ಎಲ್ಲ ಹೇಳ್ತಿದಾನಂತೆ" ಅಂತ ಬಾಲ ಸೇರಿಸಿದ.

ಕಿಟಕಿಯಲ್ಲಿ ನಿಂತಿದ್ದ ನಾತೊ ನನ್ನ ಕಡೆ ತಿರುಗಿದ. ನಾನೇ ಎಲ್ಲ ಒದರಿದೆ.

"ಅದು ಅವನ ಮಾತು," ಅಂದ ನಾತೊ. "ನನ್ನ ಹತ್ರ ಇಟ್ಟಿದ್ದ. ನೀನು ಕದ್ದೆ."

"ನಿಂಗೋಸ್ಕರ ಕಣೋ!"

ಅಂಗಡಿ ಬಂದ್.

ಸೋಮವಾರ ಹರಾಜುಕಟ್ಟೆಯಲ್ಲಿ ಏನಾಯಿತು ಅಂತ ಬಂದವರು ಹೇಳಿದರು. ಪೆಟ್ಟಿಗೆಗಳು ಸಾಲಾಗಿವೆ, ನಾತೊ ಎಡಗಿವಿ ಕೊಟ್ಟು ನಿಂತಿದ್ದಾನೆ, ಒಬ್ಬನೂ ಹತ್ತಿರ ಬರುತ್ತಿಲ್ಲ. "ಇವತ್ತು ಕಿವೀಲಿ ಹೇಳಿದ್ದು ನಾಳೆ ಬೆಳಗಾಗೋದ್ರೊಳಗೆ ಎಲ್ವಿರಾಗೆ ಗೊತ್ತಿರುತ್ತೆ, ಎಲ್ವಿರಾಗೆ ಗೊತ್ತಾದ್ಮೇಲೆ ವೆನಿಸ್‌ಗೂ ಗೊತ್ತಿರುತ್ತೆ" ಅಂತ ಅಲ್ಲೊಬ್ಬ ಗೊಣಗಿದನಂತೆ. ಭಾನುವಾರ ಮರಳಿ ಕೊಡಿಸಲು ಹೋಗಿ ನಾನು ವಾರದ ಉಳಿದ ದಿನಗಳನ್ನೂ ಕಳೆದಿದ್ದೆ.

ಏಪ್ರನ್ ಬಿಚ್ಚಲೂ ಪುರುಸೊತ್ತಿಲ್ಲದೆ ಓಡಿದೆ. ಆ ಕಟ್ಟೆಯಲ್ಲಿ ಯಾರೂ ದನಿ ಎತ್ತಿ ಮಾತಾಡಿದ್ದನ್ನು ಕಂಡವರಿಲ್ಲ. ನನ್ನ ಮಾವ ಅಲ್ಲೇ ಎದೆ ಹಿಡಿದುಕೊಂಡು ಕುಸಿದಾಗಲೂ ಪಿಸುಮಾತಿನಲ್ಲೇ ಡಾಕ್ಟರನ್ನು ಕರೆದರಂತೆ. ನಾನು ಒಂದು ಖಾಲಿ ಪೆಟ್ಟಿಗೆ ಮಗುಚಿ ಹಾಕಿ, ಅದರ ಮೇಲೆ ಹತ್ತಿ ನಿಂತು ಕೂಗಿದೆ.

"ಕೇಳ್ರೋ ಎಲ್ಲ! ನಿದ್ದೇಲಿ ಮಾತಾಡಿದ ಅಂತ ಹೇಳಿದ್ದು ನಾನು. ಸುಳ್ಳು ಹೇಳಿದ್ದು! ಗಸ್ತೋನೆ ಬಾಯಿ ಬಿಡಿಸೋಕೆ ಕಟ್ಟಿದ ಸುಳ್ಳು! ಈ ಮನುಷ್ಯ ನಿದ್ದೇಲಿ ಮಾತಾಡೋದಿರ್ಲಿ, ಗೊರಕೆ ಕೂಡ ಹೊಡಿಯಲ್ಲ! ಮೂವತ್ತು ವರ್ಷದಿಂದ ಇವನಿಗೆ ಅಡುಗೆ ಮಾಡ್ತಿದೀನಿ, ಯಾವ ಮೀನು ಇಷ್ಟ ಅಂತ ಇನ್ನೂ ನಂಗೆ ಹೇಳಿಲ್ಲ! ನಿಮ್ಮ ದರಿದ್ರ ಬೆಲೆ ಹೇಳ್ತಾನಾ? ಯಾವನಾದ್ರೂ ಗಂಡಸು ಹೆಂಡತಿ ಹತ್ರ ಇಷ್ಟು ಬಾಯಿ ಮುಚ್ಕೊಂಡು ಬದುಕಿದಾನಾ? ಇದ್ರೆ ಮುಂದೆ ಬನ್ನಿ, ಹರಾಜಿನ ಕೆಲಸ ಅವನಿಗೇ ಕೊಡೋಣ!"

ಯಾರೂ ಮುಂದೆ ಬರಲಿಲ್ಲ. ಪೆಟ್ಟಿಗೆಗಳಲ್ಲಿ ಏಡಿಗಳು ಸರಪರ ಅನ್ನುವುದಷ್ಟೇ ಕೇಳುತ್ತಿತ್ತು. ಹಿಂದಿನಿಂದ ಒಬ್ಬ ಕಿಸಕ್ಕನೆ ನಕ್ಕ, ಆಮೇಲೆ ಇನ್ನೊಬ್ಬ. ಬೆಳಿಗ್ಗೆಯಿಂದ ಗೊಣಗುತ್ತಿದ್ದವನೇ ಮೀಸೆ ಒರೆಸಿಕೊಂಡು, ನಾತೊನ ಹತ್ತಿರ ಹೋಗಿ, ಕಿವಿಗೆ ಬಾಯಿ ಇಟ್ಟ. ಅವನ ಹಿಂದೆ ಸಾಲು ನಿಂತಿತು. ನಾತೊ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೆನೆಗಾತ್ತಿಗೆ ಸುದ್ದಿ ಮುಟ್ಟಿತು. ನಮ್ಮೂರಲ್ಲಿ ಅವರ ರೇಡಿಯೊ ಕೇಳುವವರಿಲ್ಲ ಅಂತ ಜಾಹೀರಾತು ಕೊಟ್ಟವರೆಲ್ಲ ಕೈ ಎತ್ತಿದ್ದರಂತೆ. ಈ ಸಲ ಕೇಕು ತರದೆ, ಬೂಟು ಬದಲಿಸಿ ಬಂದರು. ಅಪವಾದದ ಭಯ ಇನ್ನಿಲ್ಲವಲ್ಲ, ನಾತೊ ಒಪ್ಪಿದ. ಒಂದು ಷರತ್ತು ಹಾಕಿದ.

"ಹಕ್ಕು ನಿಮ್ಮದೇ ಇರ್ಲಿ ದೊತ್ತೋರ್. ನಮ್ಮೂರಲ್ಲಿ ಮಾತ್ರ ಗಸ್ತೋನೆ ರೇಡಿಯೊದಲ್ಲೂ ಬರಬೇಕು."

"ನಿಮಗೆ ಹಾಗೆ ಮಾಡಿದ ಗಸ್ತೋನೆಗಾ?"

"ನನ್ನ ಕೊಂಪಾರೆ ಅವನು," ಅಂದ ನಾತೊ.

ಗಸ್ತೋನೆಗೆ ಕ್ಷಮೆ ಸಿಕ್ಕಿತು, ನನಗಿಲ್ಲ. ರಾತ್ರಿಗಳೆಲ್ಲ ಆ ಎಡಗಿವಿ ದಿಂಬಿಗೆ ಒತ್ತಿಕೊಂಡೇ ಇತ್ತು. ಬೇಕಾದರೆ ನನ್ನನ್ನು ಬೈಯಲಿ, ತಟ್ಟೆ ಎಸೆಯಲಿ. ಹಾಗೆ ಬೆನ್ನು ಹಾಕಿ ಮಲಗಿದರೆ ನಾನು ಯಾರ ಹತ್ತಿರ ಮಾತಾಡಲಿ? ಅವನು 'ಹೂಂ' ಅನ್ನುವುದನ್ನು ಕೇಳದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಅವನು ಮೈಕಿಗೆ ಮರಳಿದ ಭಾನುವಾರ ಮನೆಯಲ್ಲಿ ಒಬ್ಬಳೇ ಕೂತು ಕೇಳಲು ಧೈರ್ಯ ಸಾಲದೆ ಸೇತುವೆಯ ಬಾರಿಗೆ ಹೋದೆ. ಊರೆಲ್ಲ ಅಲ್ಲೇ ಇತ್ತು. ಗಸ್ತೋನೆಯೂ ಇದ್ದ, ಮೂಲೆಯಲ್ಲಿ, ನಾಚಿಕೆಯಿಂದ ಟೋಪಿ ಮಡಿಲಲ್ಲಿಟ್ಟುಕೊಂಡು.

"ನಮಸ್ಕಾರ ಪೋರ್ತೊ ಬರೇನ," ಅಂದಿತು ರೇಡಿಯೊ. "ಕುಂಟಬಾತು ತಲೆಗೂದಲು ಕತ್ತರಿಸಿಕೊಂಡಿದಾನೆ, ಯಾರು ಕತ್ತರಿಸಿದ್ರು ಅಂತ ಕೇಳಬೇಡಿ, ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತೆ..."

ಬಾರು ಗೊಳ್ಳೆಂದಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು. ಬಂದರೆ ಬರಲಿ ಅಂತ ಒರೆಸಿಕೊಳ್ಳಲಿಲ್ಲ.

ಗೋಲು ಬರಲು ಬಹಳ ಹೊತ್ತು ಹಿಡಿಯಿತು. ಆಟ ಮುಗಿಯುವ ಹೊತ್ತಿಗೆ ಉಪ್ಪಿನಕಾಯಿ ಎಡಬದಿಯಿಂದ ಓಡಿದ, ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು ದಾಟಿದ, ನಾತೊನ ದನಿ ಇಳಿಯತೊಡಗಿತು. ಇಸ್ಪೀಟು ನಿಂತಿತು. ಕಾಫಿ ಯಂತ್ರ ನಿಂತಿತು. ಎಲ್ಲರೂ ರೇಡಿಯೊ ಕಡೆ ಬಗ್ಗಿದರು. ನಾನೂ ಎದ್ದು ಹೋಗಿ ಅದಕ್ಕೆ ಕಿವಿ ಹಚ್ಚಿದೆ.

"ಗೋಲ್..."

ಎಲ್ಲರೂ ಕಿರುಚಲು ಬಾಯಿ ತೆರೆದರು. ಆದರೆ ಪಿಸುಮಾತು ಮುಗಿದಿರಲಿಲ್ಲ.

"ಎಲ್ವಿರ. ನಿದ್ದೇಲಿ ಅಲ್ಲ, ಎಚ್ಚರವಾಗಿದ್ದೇ ಹೇಳ್ತಿದೀನಿ, ಕೇಳಿಸ್ಕೊ. ಅವತ್ತು ನೀನು ಪೆಟ್ಟಿಗೆ ಹತ್ತಿ ಕೂಗಿದ್ಯಲ್ಲ... ನನ್ನ ಪರವಾಗಿ ಅಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲ." ಆಮೇಲೆ ಇನ್ನೂ ಮೆಲ್ಲಗೆ, ಇನ್ನೂ ಹತ್ತಿರದಿಂದ, "ನಂಗು ಮೀನು. ಬೆಣ್ಣೇಲಿ ಹುರಿದದ್ದು."

ಬಾರಿನಲ್ಲಿ ತೆರೆದ ಬಾಯಿಗಳು ತೆರೆದೇ ಇದ್ದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಏನ್ ನೋಡ್ತಿದೀರಿ?" ಅಂದೆ. "ಗೋಲ್ ಆಗಿದೆ, ಕಿರುಚಿ!"

ಕಿರುಚಿದರು. ಆ ಗದ್ದಲದ ನಡುವೆ ನನಗೆ ಚಿಂತೆ ಹತ್ತಿತು. ಭಾನುವಾರ, ಮೀನಂಗಡಿಗಳೆಲ್ಲ ಮುಚ್ಚಿವೆ, ನಂಗು ಎಲ್ಲಿಂದ ತರಲಿ? ಗಸ್ತೋನೆ ಟೋಪಿ ಹಿಡಿದುಕೊಂಡು ಎದ್ದು ಬಂದ.

"ನಮ್ಮನೆ ಫ್ರಿಜ್ಜಲ್ಲಿ ಎರಡಿದೆ ಕಣೆ. ದಪ್ಪದ್ದು."

"ಎಷ್ಟಕ್ಕೆ ಕೊಡ್ತೀಯ?"

ಅತ್ತ ಇತ್ತ ನೋಡಿ, ಬಾಯಿಗೆ ಟೋಪಿ ಅಡ್ಡ ಹಿಡಿದು, ನನ್ನ ಎಡಗಿವಿಯಲ್ಲಿ ಬೆಲೆ ಹೇಳಿದ. ಎಷ್ಟು ಅಂತ ನಾನು ಹೇಳುವುದಿಲ್ಲ.